ಗುಂಡಮ್ಮನ ಬಾಯಿಗೆ ನನ್ನ ದನಿ

ಹೋದ ತಿಂಗಳು ಚಿಂಚೋಳಿ ಹತ್ತಿರದ ಚಂದಾಪುರದ ಒಂದು ಕಾಲೇಜಿನವರು ನನ್ನನ್ನು ಕರೆದು, ಶಾಲು ಹೊದಿಸಿ, ಹುಡುಗರ ಮುಂದೆ ನಿಲ್ಲಿಸಿದರು. ನಮ್ಮ ಭಾಗದಲ್ಲಿ ಸಾಕ್ಷ್ಯಚಿತ್ರ ತೆಗೆಯುವವರೇ ಕಡಿಮೆ, ಅದರಲ್ಲೂ ಹೆಂಗಸರು ಇಲ್ಲವೆಂದೇ ಹೇಳಬೇಕು. ಹಾಗಾಗಿ ವರ್ಷಕ್ಕೆ ಒಂದೆರಡು ಶಾಲು ನನ್ನ ಪಾಲಿಗೆ ಬರುತ್ತವೆ. ಭಾಷಣ ಮುಗಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಚೀಟಿ ನೋಡಿಕೊಂಡು ಕೇಳಿದಳು: ಈ ಕ್ಷೇತ್ರಕ್ಕೆ ಬರಲು ತಮಗೆ ಪ್ರೇರಣೆ ಏನು? ನಾನು ಎಲ್ಲ ಕಡೆ ಹೇಳುವುದನ್ನೇ ಹೇಳಿದೆ. ಚಿಕ್ಕಂದಿನಿಂದ ಕತೆ ಕೇಳುವ ಹುಚ್ಚು, ನಮ್ಮ ನೆಲದ ಮೇಲಿನ ಪ್ರೀತಿ, ದನಿ ಇಲ್ಲದವರಿಗೆ ದನಿಯಾಗಬೇಕೆಂಬ ಆಸೆ. ಚಪ್ಪಾಳೆ ಜೋರಾಗಿಯೇ ಬಿತ್ತು.

ವಾಪಸು ಬರುವಾಗ ಸೇಡಂ, ಚಿತ್ತಾಪುರ ದಾಟಿ, ವಾಡಿಯಲ್ಲಿ ಬಸ್ಸು ಬದಲಿಸಿ ನಮ್ಮೂರು ಶಹಾಬಾದಿಗೆ ಬಂದಾಗ ಊರ ಹೊರಗಿನ ಕಲ್ಲು ಪಾಲಿಶ್ ಕಾರ್ಖಾನೆಗಳ ಮುಂದೆ ಬಸ್ಸು ನಿಂತಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಮಷಿನ್ನಿನ ಕೆಳಗೆ ನೀರು ಬಿಟ್ಟು, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಉಜ್ಜುವಾಗ ಏಳುವ ಹಸಿ ಸುಣ್ಣದ ವಾಸನೆ, ನಮ್ಮಪ್ಪನ ಅಂಗಿಯ ವಾಸನೆ. ಅದು ಮೂಗಿಗೆ ಬಡಿದದ್ದೇ ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ದನಿ ಇಲ್ಲದವರಿಗೆ ದನಿಯಾಗುವುದಂತೆ! ನನ್ನ ಬಾಯಿಗಿಷ್ಟು ಮಣ್ಣು ಹಾಕ. ಯಾರಿಗೆ ದನಿ ಇರಲಿಲ್ಲ? ದನಿ ಇದ್ದವಳ ಬಾಯಿಯೊಳಗೆ ನನ್ನ ದನಿ ತುರುಕಿ ಬಂದವಳು ನಾನು. ಆ ಹುಡುಗಿಗೆ ಹೇಳಬೇಕಾಗಿದ್ದದ್ದು ನಾನು ಮದುವೆ ವಿಡಿಯೋ ತೆಗೆಯುತ್ತಿದ್ದ ಕಾಲದ ಒಂದು ಬೇಸಿಗೆಯ ಕತೆ, ಅದರ ಬೆನ್ನಿಗೆ ಬಂದ ಮಳೆಗಾಲದ ಕತೆ. ಅಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ.

ಮೊದಲು ಅಪ್ಪನ ವಿಷಯ. ಅಪ್ಪ ಶಹಾಬಾದಿನಲ್ಲಿ ಹುಡುಗನಾಗಿದ್ದಾಗಿನಿಂದ ಕೂದಲು ನರೆಯುವ ತನಕ ಕಲ್ಲು ಉಜ್ಜಿದವನು. ಆ ಮಷಿನ್ನುಗಳ ಸದ್ದಿಗೆ ನಾನು ಶಾಲೆಗೆ ಹೋಗುವ ಹೊತ್ತಿಗೇ ಅವನ ಕಿವಿ ಹೋಗಿದ್ದವು. ಅಲ್ಲಿ ಕೆಲಸ ಮಾಡುವವರು ಒಬ್ಬರಿಗೊಬ್ಬರು ಕೂಗಿ ಮಾತಾಡುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ನಲವತ್ತು ಹೆಜ್ಜೆ ಆಚೆ ನಿಂತವನು ಬೀಡಿ ಕೇಳಿದನೋ ಬೈದನೋ ಅಪ್ಪನಿಗೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಜಗಳವಾದರೆ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಬೈಯುತ್ತಿದ್ದಳು. ಸೆರಗು ಕಂಡರೆ ಸಾಕು, ಬೈಗುಳ ದೊಡ್ಡದೇ ಇದೆ ಎಂದು ಅಪ್ಪ ನಗುತ್ತ ಹೊರಗೆ ಹೋಗುತ್ತಿದ್ದ.

ಇನ್ನು ನನ್ನ ವಿಷಯ. ಡಿಗ್ರಿ ಮುಗಿದ ಮೇಲೆ ಮೂರು ತಿಂಗಳು ಬೆಂಗಳೂರಿಗೆ ಹೋಗಿ ವಿಡಿಯೋ ಕೆಲಸ ಕಲಿತು ಬಂದೆ. ಕ್ಯಾಮೆರಾ ಕಲಿಸಿದ್ದು ಅಷ್ಟಕ್ಕಷ್ಟೆ; ನನ್ನ ಮಾತಿಗೆ ನಕ್ಕಿದ್ದು ಮಾತ್ರ ಬೇಕಾದಷ್ಟು. "ಹೌದಲ್ರಿ" ಅಂದರೆ ನಗು, "ಭಾಳ" ಅಂದರೆ ನಗು. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ, "ಇನ್ನೊಂದ್ಸಲ ಹೇಳು, ಪ್ಲೀಸ್" ಎಂದು ಫೋನು ಹಿಡಿದು ನನ್ನ ಮಾತು ರೆಕಾರ್ಡು ಮಾಡಿಕೊಳ್ಳುತ್ತಿದ್ದ. ಕನ್ನಡ ನಾಡಿನಲ್ಲಿ ಕನ್ನಡ ಆಡಿ ನಗೆಪಾಟಲಾದೆ ನೋಡಿ. ಆಗ ಅವನ ಕಪಾಳಕ್ಕೆ ಕೊಡಬೇಕಾಗಿತ್ತು. ನಾನು ಏನು ಮಾಡಿದೆ? ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ವಾರ್ತೆ ಓದುವವರ ಹಾಗೆ ಮಾತಾಡುವುದನ್ನು ಕಲಿತೆ. ಊರಿಗೆ ಮರಳುವಾಗ ನನ್ನ ದನಿ ಕೇಳಿ ಇವಳು ಶಹಾಬಾದಿನವಳು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಅದನ್ನು ದೊಡ್ಡ ಸಾಧನೆ ಎಂದುಕೊಂಡಿದ್ದೆ.

ವಾಡಿ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಅಂಗಡಿ ಹಿಡಿದು ಮದುವೆ ವಿಡಿಯೋ ಶುರು ಮಾಡಿದೆ. ಹೆಣ್ಣುಮಗಳು ಕ್ಯಾಮೆರಾ ಹಿಡಿದರೆ ಮದುವೆಮನೆಯ ಹೆಂಗಸರಿಗೆ ಅನುಕೂಲ. ಅರಿಸಿನ ಹಚ್ಚುವಲ್ಲಿಗೂ ಒಳಗೆ ಬಿಡುತ್ತಿದ್ದರು. ಕೆಲಸ ಚೆನ್ನಾಗಿಯೇ ಹತ್ತಿತು. ಅಂಥ ಒಂದು ಮದುವೆಯಲ್ಲಿ ಒಂದು ಕಂಪನಿಯ ಸಾಹೇಬರು ಸಿಕ್ಕಿದರು. ಯಾವ ಕಂಪನಿ ಎಂದು ಹೇಳುವುದಿಲ್ಲ. ಸುಣ್ಣಕಲ್ಲು ತೋಡುವ ಒಂದು ಕಂಪನಿ ಎಂದಷ್ಟೇ ಇಟ್ಟುಕೊಳ್ಳಿ. ಊರಿನ ಹೆಸರನ್ನೂ ಹೇಳುವುದಿಲ್ಲ. ಸೇಡಂ ಚಿತ್ತಾಪುರದ ನಡುವೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಬಾವಿ, ಬಾವಿಯ ಸುತ್ತ ಊರು. ಸಾಹೇಬರ ಕೆಲಸ ಜನರ ಜೊತೆ ನಗುನಗುತ್ತ ಮಾತಾಡಿಕೊಂಡಿರುವುದು. ಅದಕ್ಕೇ ಅವರಿಗೆ ಸಂಬಳ. ಊರಿಗೆ ಕಂಪನಿಯಿಂದ ಆದ ಉಪಕಾರದ ಮೇಲೆ ಹತ್ತು ನಿಮಿಷದ ಒಂದು ಡಾಕ್ಯುಮೆಂಟರಿ ಬೇಕು ಎಂದರು. ಡಾಕ್ಯುಮೆಂಟರಿ! ಆ ಶಬ್ದ ಕೇಳಿದ್ದೇ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಷತೆ ಬೀಳುವುದನ್ನು ತೆಗೆದು ತೆಗೆದು ಸಾಕಾಗಿತ್ತು.

ಮೇ ತಿಂಗಳ ಬಿಸಿಲು. ಊರಿನ ಬೇವಿನ ಗಿಡಗಳ ಮೇಲೆ ಹಸಿರೇ ಇರಲಿಲ್ಲ, ಎಲೆಗೆಲ್ಲ ಬಿಳಿ ಹಿಟ್ಟು ಬಳಿದ ಹಾಗೆ ಧೂಳು. ಸಾಹೇಬರು ಮೊದಲೇ ಎಲ್ಲ ಗೊತ್ತು ಮಾಡಿಟ್ಟಿದ್ದರು. ಕಂಪನಿ ಹಾಕಿಸಿಕೊಟ್ಟ ನಳದಲ್ಲಿ ನೀರು ಬರುವುದನ್ನು ತೆಗೆಯಬೇಕು, ಅದರ ಮುಂದೆ ಗುಂಡಮ್ಮನನ್ನು ಕೂರಿಸಿ ಮಾತಾಡಿಸಬೇಕು. ಗುಂಡಮ್ಮನೇ ಯಾಕೆ ಎಂದು ಕೇಳಿದೆ. ಆಕೆ ಎರಡು ಸಲ ಪಂಚಾಯಿತಿ ಮೆಂಬರ್ ಆದವಳು, ಆಕೆ ಹೂಂ ಅಂದರೆ ಊರೇ ಹೂಂ ಅಂದ ಹಾಗೆ ಎಂದು ಸಾಹೇಬರು ಹೇಳಿದರು. ಯಾವುದಕ್ಕೆ ಹೂಂ ಅನ್ನಬೇಕು ಎಂಬುದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬೆಳಿಗ್ಗೆ ನಾವು ಹೋದಾಗ ನೀರಿನ ಟ್ಯಾಂಕಿಯ ಹಿಂದೆ ಒಂದು ಟ್ಯಾಂಕರ್ ಲಾರಿ ನಿಂತಿತ್ತು, ಪೈಪು ಟ್ಯಾಂಕಿಗೆ ಹಾಕಿತ್ತು. ನಾನು ಅದನ್ನು ನೋಡಿದೆ. ನೋಡಿ, ಕ್ಯಾಮೆರಾ ಆ ಕಡೆ ತಿರುಗದ ಹಾಗೆ ಜಾಗ ಹುಡುಕಿದೆ. ಇದನ್ನು ಈಗ ಬರೆಯುವಾಗಲೂ ಮೈ ಉರಿಯುತ್ತದೆ. ಯಾರೂ ನನಗೆ ತೋರಿಸಬೇಡ ಎಂದಿರಲಿಲ್ಲ. ಮದುವೆಮನೆಯಲ್ಲಿ ಎಂಜಲೆಲೆ ಕಾಣದ ಹಾಗೆ ಕ್ಯಾಮೆರಾ ಇಡುವುದು ರೂಢಿಯಾಗಿತ್ತು, ಅಷ್ಟೆ.

ಗುಂಡಮ್ಮ ಎತ್ತರದ ಆಳು, ಎಪ್ಪತ್ತರ ಹತ್ತಿರ, ಕಚ್ಚೆ ಸೀರೆ, ಕೈತುಂಬ ಹಸಿರು ಬಳೆ. ಕುಂದ್ರಿ ಎಂದು ನನಗೇ ಹೇಳಿ, ಚಹಾ ತರಿಸಿದಳು, ಸಾಕು ಎಂದರೂ ಮತ್ತೆ ಬಗ್ಗಿಸಿದಳು. ಯಾರ ಮಗಳು, ಎಲ್ಲಿಯವಳು ಎಂದು ವಿಚಾರಿಸಿದಳು. ಅಪ್ಪ ಪಾಲಿಶ್ ಕೆಲಸದವನು, ಕಿವಿ ಕೇಳುವುದಿಲ್ಲ ಎಂದಾಗ ಪಾಪ ಎಂದಳು. ನಾನು ಎರಡೂ ಕಿವಿಗೆ ಹೆಡ್‌ಫೋನು ಹಾಕಿಕೊಂಡೆ. ಆಮೇಲೆ ಆಕೆ ಕ್ಯಾಮೆರಾದ ಮುಂದೆ ಒಂದು ನಿಮಿಷದ ಒಳಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದಳು. ನಳದ ನೀರು ಇವತ್ತು ಮಾತ್ರ ಬಂದದ್ದು ಎಂಬ ಮಾತು ಅದರಲ್ಲಿತ್ತು. ಅಷ್ಟು ನನಗೆ ಗೊತ್ತು. ಉಳಿದದ್ದಕ್ಕೆ ನಾನು ಗಮನ ಕೊಡಲಿಲ್ಲ. ಆಕೆಯ ಮುಖದ ಮೇಲೆ ಬಿಸಿಲು ಸರಿಯುತ್ತಿತ್ತು, ಮಧ್ಯದಲ್ಲಿ ಒಮ್ಮೆ ಗುಡ್ಡದ ಕಡೆ ಮುಖ ತಿರುಗಿಸಿ ಮಾತಾಡಿದಳು, ಫ್ರೇಮು ಕೆಟ್ಟಿತಲ್ಲ ಎಂದು ನನ್ನ ಚಿಂತೆ ನನಗೆ.

ಎಡಿಟ್ ಮಾಡಿ ತೋರಿಸಿದಾಗ ಸಾಹೇಬರು ಬಹಳ ಮರ್ಯಾದೆಯಿಂದ, ಅಮ್ಮನವರ ಭಾಷೆ ಮೇಲಿನ ಆಫೀಸಿನವರಿಗೆ ತಿಳಿಯುವುದಿಲ್ಲ, ಚಂದದ ಕನ್ನಡದಲ್ಲಿ ಒಂದು ದನಿ ಮೇಲೆ ಹಾಕಿಬಿಡಿ, ಮಾತನ್ನು ನಾವೇ ಬರೆದು ಕೊಡುತ್ತೇವೆ ಎಂದರು. ದನಿ ಯಾರದು ಹಾಕಿಸಲಿ ಎಂದು ಕೇಳಿದೆ.

"ಬ್ಯಾರೆ ಯಾಕ ಬೇಕ್ರಿ ಮೇಡಂ? ನಿಮ್ಮ ಕನ್ನಡ ಎಷ್ಟ ಕ್ಲೀನ್ ಅದ. ಕಲಬುರಗಿ ಮಂದಿ ಅಂತ ಹೇಳಂಗೇ ಇಲ್ಲ" ಎಂದರು.

ನಾನು ಉಬ್ಬಿಹೋದೆ. ಆ ಹೊಗಳಿಕೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ ಅಲ್ಲವೆ! ನಿಜ ಹೇಳಬೇಕೆಂದರೆ ಗುಂಡಮ್ಮನಿಗೆ ಒಂದು ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಮನಸ್ಸಿನಲ್ಲಿತ್ತು. ನನಗೆ ನಕ್ಕ ಹಾಗೆ ಈಕೆಗೆ ಯಾರೂ ನಗಬಾರದು, ದೊಡ್ಡವರು ಕೂತು ನೋಡುವಾಗ ಈಕೆಯ ಮಾತು ಒಪ್ಪವಾಗಿ ಕೇಳಿಸಲಿ. ನಮ್ಮ ಮಾತಿಗೆ ನಾವೇ ನಾಚುವ ಈ ರೋಗ ನಮ್ಮ ಭಾಗದವರಿಗೇ ಬರುವಂಥದ್ದು. ಹೊರಗಿನವರು ಒಂದು ಸಲ ನಕ್ಕರೆ ಉಳಿದ ಆಯುಷ್ಯವೆಲ್ಲ ನಾವೇ ನಮ್ಮ ಬಾಯಿ ಒರೆಸಿಕೊಳ್ಳುತ್ತ ಕೂರುತ್ತೇವೆ.

ಬರೆದು ಕೊಟ್ಟದ್ದು ನಾಲ್ಕೇ ಸಾಲು. ಮನೆ ಬಾಗಿಲಿಗೇ ಶುದ್ಧ ನೀರು ಬಂದಿದೆ. ನಮ್ಮ ಕಷ್ಟವೆಲ್ಲ ತೀರಿದೆ. ಇನ್ನೂ ಹೆಚ್ಚಿನ ಅಭಿವೃದ್ಧಿಯನ್ನು ನಾವು ಸ್ವಾಗತಿಸುತ್ತೇವೆ. ಕಂಪನಿ ನಮ್ಮೂರಿಗೆ ಬಂದದ್ದು ನಮ್ಮ ಪುಣ್ಯ. ಆಕೆ ಹೇಳಿದ್ದು ಇದಲ್ಲ ಎಂದು ನನಗೆ ತಿಳಿಯದೆ ಇರಲಿಲ್ಲ. ಆದರೂ ಅಂಗಡಿಯ ಬಾಗಿಲು ಹಾಕಿ, ಫ್ಯಾನು ಆರಿಸಿ, ಬೆವರು ಸುರಿಸುತ್ತ ಹದಿನೈದು ಇಪ್ಪತ್ತು ಸಲ ಓದಿದೆ. ಪುಣ್ಯ ಎಂಬಲ್ಲಿ ಗಂಟಲು ತುಂಬಿ ಬಂದ ಹಾಗೆ ಇರಲಿ ಎಂದು ಮತ್ತೆ ಮತ್ತೆ ಓದಿದೆ. ಕೆಳಗೆ ಆಕೆಯ ಮೂಲ ದನಿಯನ್ನು ಸಣ್ಣದಾಗಿ ಬಿಟ್ಟಿದ್ದೆ. ಸಾಹೇಬರು ಅದು ಗುಂಯ್ ಅನ್ನುತ್ತದೆ, ತೆಗೆಯಿರಿ ಎಂದರು. ತೆಗೆದೆ. ಆ ಜಾಗಕ್ಕೆ ಕೊಳಲು ಹಾಕಿದೆ. ಕೊಳಲು! ಧೂಳು ಕುಡಿಯುವ ಊರಿಗೆ ಕೊಳಲು.

ಮನೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಅವ್ವ ಪರದೆ ನೋಡುತ್ತ, ಅಪ್ಪನ ಕಡೆ ತಿರುಗಿ ತಿರುಗಿ ಏನೇನು ಹೇಳುತ್ತಿದ್ದಾರೆ ಎಂದು ತುಟಿಯಲ್ಲೇ ಒಪ್ಪಿಸುತ್ತಿದ್ದಳು. ಗುಂಡಮ್ಮ ಬಂದಾಗ, ಕಂಪನಿ ಬಂದದ್ದು ಪುಣ್ಯ ಅನ್ನುತ್ತಿದ್ದಾಳೆ ಎಂದಳು. ಅಪ್ಪ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದ.

"ಇಲ್ಲ ಯವ್ವಾ. ಆಕಿ ಹಂಗ ಅನ್ಲಕತ್ತಿಲ್ಲ. ಬ್ಯಾಡ ಅನ್ಲಕತ್ತಾಳ."

ನಾನು ಅವನ ಮುಂದೆ ಮುಖ ತಂದು, ತುಟಿ ಅಗಲ ಮಾಡಿ ಹೇಳಿದೆ: "ನಿನಗ ಕೇಳಂಗಿಲ್ಲ. ಸುಮ್ ಕುಂದ್ರು." ಹೆತ್ತ ಅಪ್ಪನಿಗೆ ಆ ಮಾತು ಅಂದ ಬಾಯಿ ಇದು.

ಮದುವೆಯ ಹಂಗಾಮು ಜೋರಾಗಿತ್ತು. ಕೆಲಸ ಕೊಟ್ಟಾದ ಮೇಲೆ ಕ್ಯಾಮೆರಾದ ಕಾರ್ಡು ಖಾಲಿ ಮಾಡುವುದು, ಕಂಪ್ಯೂಟರಿನಿಂದಲೂ ಅಳಿಸಿ ಜಾಗ ಮಾಡುವುದು ನಮ್ಮ ದಂಧೆಯ ಪದ್ಧತಿ. ಹಾಗೆ ಮಾಡದಿದ್ದರೆ ನಾಳೆಯ ಮದುಮಗನನ್ನು ಎಲ್ಲಿ ಇಡುವುದು? ಗುಂಡಮ್ಮನ ಮಾತಿನ ಕಾರ್ಡಿನ ಮೇಲೆ ಚಿತ್ತಾಪುರದ ಒಂದು ಮೆರವಣಿಗೆ ಕೂತಿತು. ನನಗೆ ಏನೂ ಅನ್ನಿಸಲಿಲ್ಲ.

ಜೂನ್ ಮೊದಲಿಗೆ ಸಾಹೇಬರು ಮತ್ತೆ ಫೋನು ಮಾಡಿದರು. ಊರಿನಲ್ಲಿ ಸರಕಾರಿ ಅಹವಾಲು ಸಭೆ ಇದೆ, ಅದನ್ನು ಪೂರ್ತಿ ಶೂಟ್ ಮಾಡಿಕೊಡಬೇಕು. ಏನು ಸಭೆ ಎಂದು ನನಗೆ ತಿಳಿದದ್ದು ಶಾಮಿಯಾನದ ಕೆಳಗೆ ಹೋಗಿ ಬ್ಯಾನರು ಓದಿದಾಗಲೇ. ಕಂಪನಿಗೆ ಆ ಗುಡ್ಡ ಬೇಕಾಗಿತ್ತು. ಗುಡ್ಡ ಒಡೆದರೆ ಬಾವಿ ಹೋಗುತ್ತದೆ ಎಂದು ಊರವರ ಅಂಜಿಕೆ. ನಳವನ್ನು ನಂಬುವ ಹಾಗಿಲ್ಲ, ಕುಡಿಯುವ ನೀರೆಂದರೆ ಅದೊಂದೇ ಬಾವಿ. ಗುಡ್ಡ ಒಡೆಯಬಹುದೋ ಬೇಡವೋ ಎಂದು ಜನರನ್ನು ಕೇಳಿ, ಅವರ ಮಾತನ್ನು ಬರೆದುಕೊಂಡು ಮೇಲೆ ಕಳಿಸುವ ಸಭೆ ಅದು. ಕೇಳುವ ಮೊದಲು ಒಂದು ಕಿರುಚಿತ್ರ ನೋಡೋಣ ಎಂದು ವೇದಿಕೆಯ ಮೇಲಿದ್ದವರು ಹೇಳಿದರು. ದೊಡ್ಡ ಪರದೆಯ ಮೇಲೆ ನನ್ನ ಡಾಕ್ಯುಮೆಂಟರಿ ಶುರುವಾಯಿತು.

ಗುಂಡಮ್ಮ ಎರಡನೆಯ ಸಾಲಿನಲ್ಲಿ ಕೂತಿದ್ದಳು. ಪರದೆಯ ಮೇಲೆ ಆಕೆ ಬಂದಾಗ ಹೆಂಗಸರು ಕೇಕೆ ಹಾಕಿ ನಕ್ಕರು. ಆ ದನಿ ಹೊರಡುತ್ತಲೇ ಹಿಂದಿನಿಂದ ಯಾರೋ, ಆಯಿ, ಬೆಂಗಳೂರಿಗಿ ಯಾವಾಗ ಹೋಗಿ ಬಂದಿ ಎಂದು ಕೂಗಿದರು. ಮತ್ತೆ ನಗು. ಪುಣ್ಯ ಎಂಬ ಮಾತಿಗೆ ನಗು ನಿಂತಿತು. ಊರೆಲ್ಲ ಆಕೆಯ ಕಡೆ ತಿರುಗಿ ನೋಡಿತು. ಗುಡ್ಡ ಬಿಡಬಾರದು ಎಂದು ಮನೆಮನೆಗೆ ಹೋಗಿ ಹೇಳಿದ್ದವಳೇ ಆಕೆ, ಇದು ನನಗೆ ಆಮೇಲೆ ಗೊತ್ತಾದದ್ದು. ಆಕೆಯೇ ಕಂಪನಿಯವರಿಗೆ ತನ್ನನ್ನು ಮಾರಿಕೊಂಡಳು ಎಂದು ಆ ಕ್ಷಣದಲ್ಲಿ ಎಷ್ಟು ಜನಕ್ಕೆ ಅನ್ನಿಸಿತೋ.

ಚಿತ್ರ ಮುಗಿದ ಕೂಡಲೇ ಗುಂಡಮ್ಮ ಎದ್ದು ನಿಂತಳು. ಕೈಯಲ್ಲಿ ಮೈಕು ಇಲ್ಲ, ಬೇಕಾಗಿಯೂ ಇರಲಿಲ್ಲ. ತನ್ನ ಮುಖ ಮುಟ್ಟಿ ತೋರಿಸಿ ಹೇಳಿದಳು:

"ಸಾಹೇಬ್ರ, ಆ ಮಾರಿ ನಂದು. ಆ ಮಾತು ನಂದಲ್ಲ."

ಮೇಲೆ ಕೂತಿದ್ದ ಅಧಿಕಾರಿಯೊಬ್ಬರು, ಅಮ್ಮಾ, ಎಲ್ಲರೂ ನೋಡಿದೆವಲ್ಲ, ನೀವೇ ಹೇಳಿದ್ದೀರಿ ಎಂದರು. ಆಕೆಗೆ ಚಿತ್ರ ಸರಿಯಾಗಿ ತಿಳಿದಿಲ್ಲ ಎಂದು ಅಧಿಕಾರಿಯ ಪಕ್ಕದವರು ನಕ್ಕರು.

"ನಾ ಹೇಳಿದ್ದು ಬ್ಯಾರೆ ಅದ. ಅದು ಯಾರ ದನಿ ಅದ, ಅವರು ಇಲ್ಲೇ ಇದ್ರ ಎದ್ದ ಹೇಳ್ಲಿ."

ನಾನು ವೇದಿಕೆಯ ಬಲಗಡೆ ಕ್ಯಾಮೆರಾದ ಹಿಂದೆ ಇದ್ದೆ, ಆಕೆಗೂ ನನಗೂ ಹತ್ತು ಹೆಜ್ಜೆ. ಒಂದೇ ಮಾತು ಸಾಕಾಗಿತ್ತು: ಅದು ನನ್ನ ದನಿ. ಆಗ ನಾನು ಏನು ಮಾಡಿದೆ ಗೊತ್ತೆ? ಜೂಮ್ ಮಾಡಿದೆ. ಕಣ್ಣು ತೆಗೆಯದೆ, ಕೈ ನಡುಗದೆ ಆಕೆಯ ಮುಖವನ್ನು ಫ್ರೇಮಿನ ತುಂಬ ತಂದುಕೊಂಡೆ. ಒಳ್ಳೆಯ ಶಾಟು ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಲೂ ಇತ್ತು. ಅಧಿಕಾರಿ ಮುಂದಿನ ಹೆಸರು ಕರೆದರು. ಇನ್ನಿಬ್ಬರು ಮಾತಾಡಿ ಮುಗಿಸುವ ತನಕ ಗುಂಡಮ್ಮ ನಿಂತೇ ಇದ್ದಳು, ಆಮೇಲೆ ಕೂತಳು. ನನ್ನ ಕಡೆ ಒಮ್ಮೆ ನೋಡಿದಳು. ಅವತ್ತು ಚಹಾ ಸಾಕು ಎಂದ ನನ್ನ ದನಿ ಆಕೆಯ ಕಿವಿಯಲ್ಲಿ ಉಳಿದಿತ್ತು ಎಂದು ಕಾಣುತ್ತದೆ.

ಸಭೆ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಆ ವರ್ಷದ ಮೊದಲ ಮಳೆ. ಕಪ್ಪು ಎರಿ ಮಣ್ಣು ಚಕ್ರಕ್ಕೆ ಮೆತ್ತಿ ಸಣ್ಣ ಗಾಡಿಗಳೆಲ್ಲ ಅಲ್ಲಲ್ಲೇ ನಿಂತವು. ಸಾಹೇಬರು ತಮ್ಮ ಜೀಪಿನಲ್ಲಿ ನನ್ನನ್ನು ವಾಡಿಗೆ ಬಿಟ್ಟರು. ದಾರಿಯಲ್ಲಿ, ಮುಂದೆ ಇನ್ನೂ ಮೂರು ಫಿಲ್ಮು ನಿಮ್ಮವೇ ಎಂದರು. ನಾನು ಧೈರ್ಯ ಮಾಡಿ, ಆ ಅಜ್ಜಿ ಹೇಳಿದ್ದು ಬೇರೆ ಇತ್ತಲ್ಲ, ನೀವು ಬರೆದು ಕೊಟ್ಟದ್ದು ಬೇರೆ, ಅದನ್ನು ಅಧಿಕಾರಿಗಳಿಗೆ ಹೇಳಬೇಕು ಎಂದೆ. ಅವರು ಸಿಟ್ಟಾಗಲಿಲ್ಲ. ಕರವಸ್ತ್ರದಿಂದ ಗಾಜು ಒರೆಸುತ್ತ ಹೇಳಿದರು:

"ನಾವ್ ಕಾಗದದ ಮ್ಯಾಲ ಬರದೀವ್ರಿ ಮೇಡಂ. ಬಾಯಿಲೆ ಹೇಳಿದ್ದ ನೀವು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ನನ್ನ ಬಾಯಿಗೇ ಹೋಯಿತು. ಅವರ ಮೇಲೆ ಇವತ್ತಿಗೂ ನನಗೆ ಹೇಸಿಗೆಯಿದೆ. ಆದರೆ ಆ ಮಾತಿನಲ್ಲಿ ಸುಳ್ಳೆಲ್ಲಿತ್ತು ಎಂದು ಹುಡುಕಿದರೆ ಸಿಗುವುದಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಲಿಖಿತ ಆಕ್ಷೇಪ ಕೊಡಲು ಇನ್ನೂ ಕೆಲವು ದಿನ ಇದ್ದವು. ಮೂರನೆಯ ದಿನ ನಡೆದದ್ದನ್ನು ನಡೆದ ಹಾಗೆ ಬರೆದು, ಕಲಬುರಗಿಯ ಆಫೀಸಿಗೆ ಹೋಗಿ ಕೊಟ್ಟೆ. ಗುಮಾಸ್ತ ಓದಿದ. ಮೂಲ ರೆಕಾರ್ಡಿಂಗ್ ಎಲ್ಲಿ ಎಂದು ಕೇಳಿದ. ಇಲ್ಲ ಎಂದೆ. ಮತ್ತೆ ಹೇಗೆ ನಂಬುವುದು, ನಾಳೆ ಇನ್ನೊಬ್ಬರು ಬಂದು ಇನ್ನೊಂದು ಹೇಳುತ್ತಾರೆ ಎಂದ. ಅವನು ಕೇಳಿದ್ದು ತಪ್ಪಲ್ಲ. ಒಬ್ಬ ಹೆಂಗಸಿನ ಮಾತು ಅಳಿಸಿ ಮೆರವಣಿಗೆ ತುಂಬಿಕೊಂಡವಳು ಯಾವ ಬಾಯಿಂದ ಜಗಳಾಡಲಿ?

ಆಗ ಅಪ್ಪ ನೆನಪಾದ. ಮೊದಲೇ ನೆನಪಾಗಬೇಕಿತ್ತು, ಆಕೆ ಬೇಡ ಅನ್ನುತ್ತಿದ್ದಾಳೆ ಎಂದವನನ್ನು ಸುಮ್ಮನೆ ಕೂರಿಸಿದ್ದೆನಲ್ಲ. ಮನೆಗೆ ಹೋಗಿ ಅವನ ಮುಂದೆ ಕೂತು, ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಅವನು ಕೇಳಲಿಲ್ಲ. ಲ್ಯಾಪ್‌ಟಾಪು ತೆರೆ ಎಂದು ಕೈ ಮಾಡಿದ. ಒಬ್ಬನೇ ನೋಡಿದರೆ ತಪ್ಪಾದೀತು ಎಂದು ತನ್ನ ಜೊತೆ ಕೆಲಸ ಮಾಡಿದ್ದ ಇಬ್ಬರನ್ನು ಕರೆತಂದ. ಮೂರು ಜನ ಮುದುಕರು, ಆರು ಕೆಟ್ಟ ಕಿವಿ, ಹೊರಗೆ ಮಳೆ. ನನ್ನಲ್ಲಿ ಉಳಿದಿದ್ದ ಸಿದ್ಧ ಚಿತ್ರದಲ್ಲಿ ಗುಂಡಮ್ಮನ ಆ ಒಂದು ನಿಮಿಷವನ್ನು ಎಷ್ಟು ಸಲ ಹಿಂದೆ ಮುಂದೆ ಓಡಿಸಿದೆನೋ. ಒಂದೊಂದು ಶಬ್ದಕ್ಕೂ ಅವರು ತುಟಿಯಲ್ಲೇ ವಾದ ಮಾಡಿದರು. "ಒಡಿ" ಅಂದಳೋ "ಕೊಡಿ" ಅಂದಳೋ ಎಂದು ಅರ್ಧ ತಾಸು ಜಗಳ. ಮೂವರೂ ಒಪ್ಪಿದ್ದನ್ನು ಮಾತ್ರ ಬರೆದುಕೋ ಎಂದು ಅಪ್ಪ ಹೇಳಿದ. ಕೊನೆಗೆ ಕಾಗದದ ಮೇಲೆ ಉಳಿದದ್ದು ಇಷ್ಟು:

"ಇವತ್ತ ಬಂದಾವ. ನಾಳಿ ಬಂದ್ ನೋಡ್ರಿ, ಇರಂಗಿಲ್ಲ. ನಮ್ಮ ಬಾವಿ ಇರಬೇಕು. ಗುಡ್ಡ ಒಡೀಬ್ಯಾಡ್ರಿ. ಬ್ಯಾಡ, ಬ್ಯಾಡ."

ಬಾವಿ ಆದ ಮೇಲೆ, ಗುಡ್ಡಕ್ಕೆ ಮೊದಲು, ಆಕೆ ಮುಖ ತಿರುಗಿಸಿದ್ದಳು. ಅಲ್ಲಿ ಏನೋ ಒಂದು ಉದ್ದ ಮಾತಿತ್ತು. ಆ ಕಡೆ ತಿರುಗಿದವರ ಹೆಡಕು ಓದಲು ತಮಗೆ ಬರುವುದಿಲ್ಲ ಎಂದು ಮೂವರೂ ಕೈ ಎತ್ತಿದರು.

ಮುಂದೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೆಲುವಿನ ಕತೆ ಕೇಳುವ ಆಸೆ ಇದ್ದವರಿ‌ಗೆ ಸುಳ್ಳು ಭರವಸೆ ಬೇಡ. ಗುಡ್ಡ ಉಳಿಯಲಿಲ್ಲ. ಕಿವುಡರು ಓದಿದ ಸಾಕ್ಷಿ ಎಂದು ಆಫೀಸಿನಲ್ಲಿ ನಕ್ಕರು, ನಾನು ಕೊಟ್ಟ ಕಾಗದ ಯಾವ ಕಡತದಲ್ಲಿ ಹೋಗಿ ಮಲಗಿತೋ. ಬಹುಪಾಲು ಜನರ ಸಹಮತವಿದೆ ಎಂದು ವರದಿಯಲ್ಲಿ ಬಂತು, ಅದರ ಜೊತೆಗೆ ನನ್ನ ಚಿತ್ರದ ಸಿ.ಡಿ. ಎರಡು ವರ್ಷದಲ್ಲಿ ಬಾವಿಯ ತಳ ಕಂಡಿತು. ಈಗ ಅಲ್ಲಿ ವಾರಕ್ಕೆರಡು ಸಲ ಟ್ಯಾಂಕರ್ ಬರುತ್ತದೆ, ಬಂದಾಗ ಕೊಡಗಳ ಜಗಳ ಆಗುತ್ತದೆ. ಆ ಜಗಳದ ಚಿತ್ರವನ್ನು ನಾನೇ ತೆಗೆದಿದ್ದೇನೆ.

ಮದುವೆ ಕೆಲಸವನ್ನು ಆ ಮಳೆಗಾಲದಲ್ಲೇ ಬಿಟ್ಟೆ. ಆಮೇಲೆ ಸೇಡಂ, ಚಿಂಚೋಳಿ ಕಡೆಯೆಲ್ಲ ತಿರುಗಿ ತೆಗೆದ ಯಾವ ಚಿತ್ರದಲ್ಲೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ದನಿ ಇಲ್ಲ. ಒಂದು ಚಿತ್ರೋತ್ಸವದವರು, ಕನ್ನಡ ಚಿತ್ರವೇ ಹೌದು, ಆದರೆ ಮಾತು ತಿಳಿಯುವುದಿಲ್ಲ, ಕೆಳಗೆ ಕನ್ನಡದಲ್ಲಿ ಬರೆದು ಹಾಕಿ ಎಂದರು. ಕನ್ನಡಕ್ಕೆ ಕನ್ನಡದ ಅನುವಾದ! ಕಿವಿ ಚೊಕ್ಕಟ ಮಾಡಿಕೊಂಡು ಬನ್ನಿ ಎಂದು ಉತ್ತರ ಬರೆದು ಚಿತ್ರ ವಾಪಸು ತರಿಸಿಕೊಂಡೆ. ಜಗಳಗಂಟಿ ಎಂದು ಹೆಸರಾಗಿದೆ. ಆಗಲಿ. ಕ್ಲೀನ್ ಕನ್ನಡದ ಮೇಡಂ ಎಂಬ ಹೆಸರಿಗಿಂತ ಎಷ್ಟೋ ಮೇಲು.

ಆದರೆ ನನ್ನ ಮೊದಲ ಡಾಕ್ಯುಮೆಂಟರಿ ಎಂದು ನಾನು ಲೆಕ್ಕಕ್ಕೆ ಹಿಡಿಯುವುದು ಬೇರೊಂದನ್ನು. ಅದನ್ನು ತೆಗೆದವಳು ನಾನಲ್ಲ.

ಮುದುಕರು ತುಟಿ ಓದಿದ ಮರುದಿನವೇ ಅಪ್ಪನ ಕಾಗದ ಹಿಡಿದುಕೊಂಡು ಆ ಊರಿಗೆ ಹೋಗಿದ್ದೆ. ಕ್ಯಾಮೆರಾ ಒಯ್ದಿದ್ದೆ, ಆಕೆ ಇನ್ನೊಮ್ಮೆ ಅದೇ ಮಾತು ಹೇಳಿದರೆ ರೆಕಾರ್ಡು ಮಾಡಿ ಆಫೀಸಿಗೆ ಕೊಡಬಹುದು ಎಂದು. ಬಾವಿಯ ಕಟ್ಟೆಯ ಮೇಲೆ ಗುಂಡಮ್ಮ ಒಬ್ಬಳೇ ಕೂತಿದ್ದಳು. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಾಲು ಮುಟ್ಟಲು ಹೋದೆ, ಬೇಡ ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. ನಡೆದದ್ದನ್ನೆಲ್ಲ ಹೇಳಿ, ಇನ್ನೊಂದು ಸಲ ಹೇಳು ಆಯಿ ಎಂದು ಕೇಳಿಕೊಂಡೆ.

"ನಾ ಒಮ್ಮಿ ಹೇಳೀನಿ. ಈಗ ನೀ ಹೇಳು" ಎಂದಳು. "ಅದನ್ನ ಹ್ಯಾಂಗ್ ಚಾಲೂ ಮಾಡ್ತಾರ, ತೋರ್ಸು."

ನಾನು ಸ್ಟ್ಯಾಂಡು ನಿಲ್ಲಿಸಿ, ಗುಂಡಿ ತೋರಿಸಿದೆ. ಆಕೆ ಒತ್ತಿ, ಕೆಂಪು ದೀಪ ಹತ್ತಿದ್ದನ್ನು ಬಗ್ಗಿ ನೋಡಿ, ಕ್ಯಾಮೆರಾದ ಪಕ್ಕದಲ್ಲಿ ಕೂತಳು. ನನ್ನನ್ನು ಕಟ್ಟೆಯ ಮೇಲೆ ಕೂರಿಸಿದಳು. ನಾನು ಕಾಗದ ತೆಗೆದು, ಮೂವರು ಮುದುಕರು ಓದಿದ್ದನ್ನು ಅಕ್ಷರ ಬಿಡದೆ ಹೇಳಿದೆ, ಆಕೆಯ ಮಾತಿನಲ್ಲೇ. ಎಷ್ಟೋ ವರ್ಷಗಳ ಮೇಲೆ ಹೊರಗಿನವರ ಮುಂದೆ ಆ ಮಾತು ನನ್ನ ನಾಲಗೆಗೆ ಬಂದದ್ದು ಅವತ್ತು.

"ಬರೋಬ್ಬರಿ ಅದ" ಎಂದು ತಲೆದೂಗಿದಳು. "ಯಾರ ಹೇಳಿದ್ರು ನಿನಗ?"

ನಮ್ಮಪ್ಪ ಎಂದೆ, ತುಟಿ ನೋಡಿ ತಿಳಿದುಕೊಂಡ.

"ನಡುವ ಗುಡ್ಡದ ಕಡಿ ಮಾರಿ ತಿರುವಿ ಒಂದ್ ಮಾತ್ ಅಂದಿದ್ದೆ. ಅದು?"

ಅದು ಕಾಣಿಸಿಲ್ಲ ಎಂದೆ.

"ಕಾಣಂಗಿಲ್ಲ. ಅದು ಕಿವಿಲೆ ಕೇಳೂ ಮಾತು." ಆಕೆ ಸಿಟ್ಟಿನಿಂದ ಹೇಳಲಿಲ್ಲ, ಒಗಟು ಬಿಡಿಸುವವರ ಹಾಗೆ ನಿಧಾನವಾಗಿ ಹೇಳಿದಳು. "ಕಿವುಡ ಮನಷ್ಯಾ ಮಾರಿ ನೋಡಿ ಇಷ್ಟ್ ಕೇಳ್ಯಾನ. ನೀ ಎರಡೂ ಕಿವಿಗಿ ಮಷಿನ್ ಹಚ್ಕೊಂಡು ನನ್ನ ಮುಂದೇ ಕುಂತಿದ್ದಿ. ನಿನಗೇನ್ ಕೇಳ್ತು, ತಂಗಿ?"

ನಾನು ಕಣ್ಣು ಮುಚ್ಚಿ ಆ ಬೆಳಗನ್ನು ನೆನಪಿಗೆ ಎಳೆದೆ. ಬಿಸಿಲು ನೆನಪಾಯಿತು, ಹಸಿರು ಬಳೆ ನೆನಪಾದವು, ಕೆಟ್ಟ ಫ್ರೇಮು ನೆನಪಾಯಿತು. ಉತ್ತರ ಕೊಡಲು ಬಾಯಿ ತೆರೆದೆ. ನಾಲಗೆಯ ತುದಿಗೆ ಬಂದು ನಿಂತದ್ದು ಒಂದೇ ಸಾಲು, ಬಾಗಿಲು ಹಾಕಿಕೊಂಡು ಇಪ್ಪತ್ತು ಸಲ ಓದಿದ ಸಾಲು: ಕಂಪನಿ ನಮ್ಮೂರಿಗೆ ಬಂದದ್ದು ನಮ್ಮ ಪುಣ್ಯ.

ಬಾಯಿ ಮುಚ್ಚಿಕೊಂಡೆ. ಗುಂಡಮ್ಮ ಕ್ಯಾಮೆರಾ ನಿಲ್ಲಿಸಲಿಲ್ಲ.